ಬೆಂಚಿನಲ್ಲಿ ಜಾಗ ಸಿಕ್ಕಿದೆ, ಭಾಷೆ ಇನ್ನೂ ಸಿಕ್ಕಿಲ್ಲ

ಪಾಠ ಮಾಡುವವರ ಭಾಷೆ ಮಕ್ಕಳಿಗೆ ತಿಳಿಯದಿದ್ದರೆ ತರಗತಿಯ ಗತಿ ಏನಾಗುತ್ತದೆ ಎಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ನಾವು ಕೇಳುತ್ತ ಬಂದದ್ದು ಒಂದೇ ಮಾತು: ನಮ್ಮ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ ಕಲಿಸಿ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ನೇಮಕಗೊಂಡಾಗ ಪೋಷಕರೂ ಮಕ್ಕಳೂ ಶಾಲೆಯ ಎದುರು ಪ್ರತಿಭಟನೆಗೆ ಕೂತಿದ್ದಾರೆ. 2018ರಲ್ಲಿ ತೆರೆಕಂಡ ರಿಷಬ್ ಶೆಟ್ಟಿಯವರ 'ಸರಕಾರಿ ಹಿ.ಪ್ರಾ. ಶಾಲೆ ಕಾಸರಗೋಡು' ಸಿನೆಮಾ ಇದೇ ಸಂಕಟವನ್ನು ನಾಡಿಗೆಲ್ಲ ತೋರಿಸಿತು.

ಈಗ ನಮ್ಮ ಜಿಲ್ಲೆಯ ಪೆರ್ಲದ ಆಸುಪಾಸಿನ ಯಾವುದೋ ಒಂದು ಕನ್ನಡ ಶಾಲೆಯಲ್ಲಿ ಕಿವಿ ಕೇಳದ ಮಗುವೊಂದು ಕೂತಿದೆ ಎಂದು ಭಾವಿಸೋಣ. ಟೀಚರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಮಗುವಿನ ಮೇಲೆ ಅಕ್ಕರೆಯೂ ಇದೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಮಧ್ಯಾಹ್ನದ ಊಟವಿದೆ, ಪುಸ್ತಕ, ಸಮವಸ್ತ್ರ ಎಲ್ಲ ಇದೆ. ಇಲ್ಲದ್ದು ಒಂದೇ, ತರಗತಿಯಲ್ಲಿ ನಡೆಯುವ ಮಾತು ಆ ಮಗುವನ್ನು ಮುಟ್ಟುವುದಿಲ್ಲ. ಭಾಗವತರ ಹಾಡಾಗಲಿ ಅರ್ಥಗಾರಿಕೆಯಾಗಲಿ ಕೇಳದೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದಂತೆ: ವೇಷ ಕಾಣುತ್ತದೆ, ಕುಣಿತ ಕಾಣುತ್ತದೆ, ಪ್ರಸಂಗ ಯಾವುದೆಂದು ಗೊತ್ತಾಗುವುದಿಲ್ಲ. ಕನ್ನಡಕ್ಕಾಗಿ ದನಿಯೆತ್ತಿದ ನಾವು ಈ ಮಗುವಿಗಾಗಿಯೂ ಅದೇ ದನಿಯಲ್ಲಿ ಕೇಳಬೇಕು. ಏಕೆಂದರೆ ಬೇಡಿಕೆ ಅದೇ.

ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಒಟ್ಟಿಗೆ ಕಲಿಯಬೇಕು ಎಂಬ ಆಶಯಕ್ಕೆ ಸಮನ್ವಯ ಶಿಕ್ಷಣ ಎನ್ನುತ್ತೇವೆ. ಆಶಯ ದೊಡ್ಡದು, ಅದನ್ನು ಬಿಡಬಾರದು. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ವಿವರಿಸುವಾಗ ಎರಡು ಮಾತನ್ನು ಜೋಡಿಸಿಯೇ ಹೇಳಿದೆ. ಒಂದು, ನ್ಯೂನತೆ ಇರುವ ಮಕ್ಕಳೂ ಇಲ್ಲದವರೂ ಜೊತೆಯಲ್ಲಿ ಕಲಿಯಬೇಕು. ಎರಡು, ಕಲಿಸುವ ಕ್ರಮ ಆ ಮಕ್ಕಳ ಅಗತ್ಯಕ್ಕೆ ಹೊಂದುವಂತೆ ಬದಲಾಗಬೇಕು. ಕಾಯ್ದೆಯ 16ನೇ ಕಲಮು ಇನ್ನೂ ಸ್ಪಷ್ಟ: ಕುರುಡು, ಕಿವುಡು ಇರುವವರಿಗೆ ಅವರಿಗೆ ಅತ್ಯಂತ ತಕ್ಕುದಾದ ಭಾಷೆಯಲ್ಲಿ, ತಕ್ಕುದಾದ ಸಂವಹನ ವಿಧಾನದಲ್ಲಿ ಶಿಕ್ಷಣ ಕೊಡಬೇಕು. 17ನೇ ಕಲಮು ಸಂಜ್ಞಾ ಭಾಷೆ ಬಲ್ಲ ಶಿಕ್ಷಕರ ತರಬೇತಿ, ನೇಮಕಾತಿಯ ಮಾತಾಡುತ್ತದೆ. ಮೊದಲ ಅರ್ಧವನ್ನು ನಾವು ಪಾಲಿಸಿದ್ದೇವೆ, ಯಾವ ಮಗುವನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ. ಎರಡನೆಯ ಅರ್ಧ ಕಾಗದದಲ್ಲೇ ಉಳಿದಿದೆ.

ಗಾಲಿಕುರ್ಚಿಯಲ್ಲಿ ಬರುವ ಮಗುವಿಗೆ ಶಾಲೆಯ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದರೆ ತರಗತಿಯ ಬಾಗಿಲು ತೆರೆಯಿತು. ಕಣ್ಣು ಕಾಣದ ಮಗುವಿಗೆ ಬ್ರೈಲ್ ಪುಸ್ತಕ ಬೇಕು, ಆದರೆ ಟೀಚರ ಮಾತು, ಗೆಳೆಯರ ಹರಟೆ, ಪ್ರಾರ್ಥನೆ ಎಲ್ಲವೂ ಅದಕ್ಕೆ ಸಿಗುತ್ತವೆ. ಕಿವಿ ಕೇಳದ ಮಗುವಿನ ಸ್ಥಿತಿ ಬೇರೆ. ಅದರ ಮತ್ತು ಉಳಿದವರ ನಡುವೆ ಇರುವ ಗೋಡೆಯೇ ಭಾಷೆಯದು. ಆ ಗೋಡೆ ಹಾಗೆಯೇ ಇರುವಾಗ ನಲವತ್ತು ಮಕ್ಕಳ ನಡುವೆ ಕೂರಿಸಿದರೂ ಮಗು ಒಂಟಿಯೇ.

ಮುಂದಿನ ಬೆಂಚಿನಲ್ಲಿ ಕೂರಿಸಿದರಾಯಿತು, ಟೀಚರ ತುಟಿ ನೋಡಿ ತಿಳಿದುಕೊಳ್ಳುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕನ್ನಡಿಯ ಎದುರು ನಿಂತು ದನಿ ಹೊರಡಿಸದೆ 'ಮರ' ಎನ್ನಿ, 'ಬರ' ಎನ್ನಿ, 'ಪರ' ಎನ್ನಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಬ ಕಾರದಲ್ಲಿ ಗಂಟಲು ಕಂಪಿಸುವುದು, ಮ ಕಾರದಲ್ಲಿ ಮೂಗಿನಿಂದ ಉಸಿರು ಹೊರಡುವುದು ಕಣ್ಣಿಗೆ ಕಾಣುವ ಸಂಗತಿಗಳಲ್ಲ. 'ಕಾನ', 'ಗಾನ' ಎರಡರ ಮೊದಲ ಅಕ್ಷರಗಳೂ ಬಾಯಿಯ ಹಿಂಭಾಗದಲ್ಲಿ ಹುಟ್ಟುತ್ತವೆ, ತುಟಿಯಲ್ಲಿ ಏನೂ ನಡೆಯುವುದೇ ಇಲ್ಲ. ತುಟಿ ಓದುವವರು ಕಂಡ ಅಲ್ಪಸ್ವಲ್ಪಕ್ಕೆ ತಮಗೆ ಮೊದಲೇ ತಿಳಿದಿರುವ ಭಾಷೆಯನ್ನು ಸೇರಿಸಿ ಉಳಿದದ್ದನ್ನು ಊಹಿಸುತ್ತಾರೆ. ಭಾಷೆಯೇ ಇನ್ನೂ ಬಾರದ ಆರು ವರ್ಷದ ಮಗು ಯಾವುದರಿಂದ ಊಹಿಸಬೇಕು? ಟೀಚರು ಬೋರ್ಡಿನ ಕಡೆ ತಿರುಗಿ ಬರೆಯುತ್ತ ಮಾತಾಡಿದರಂತೂ ಆ ಅಲ್ಪಸ್ವಲ್ಪವೂ ಹೋಯಿತು.

ಇನ್ನೊಂದು ನಂಬಿಕೆ ಕಿವಿಯ ಮಿಶನ್ನಿನದು. ಹಿಯರಿಂಗ್ ಏಡ್ ಹಾಕಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುತ್ತೇವೆ. ಕನ್ನಡಕ ಹಾಕಿದರೆ ಅಕ್ಷರ ನಿಚ್ಚಳವಾಗುತ್ತದೆ, ಕಿವಿಯ ಕೆಲಸ ಹಾಗಲ್ಲ. ಯಂತ್ರ ಶಬ್ದವನ್ನು ದೊಡ್ಡದು ಮಾಡುತ್ತದೆ, ಒಳಕಿವಿಯಲ್ಲಿ ಕಳೆದುಹೋದ ಸ್ಪಷ್ಟತೆಯನ್ನು ತಂದುಕೊಡುವುದಿಲ್ಲ. ಟೀಚರ ಮಾತಿನ ಜೊತೆ ಬೆಂಚು ಎಳೆಯುವ ಸದ್ದು, ಫ್ಯಾನಿನ ಸದ್ದು, ಪಕ್ಕದ ತರಗತಿಯ ಮಗ್ಗಿ ಎಲ್ಲವೂ ದೊಡ್ಡದಾಗುತ್ತವೆ. ಶಾಲೆ ತೆರೆಯುವುದು ಜೂನ್‌ನಲ್ಲಿ. ನಮ್ಮ ಕಡೆಯ ಮಳೆ ಶೀಟಿನ ಮಾಡಿಗೆ ಬಡಿಯುವಾಗ ಕಿವಿ ಚೆನ್ನಾಗಿರುವ ಮಕ್ಕಳಿಗೇ ಪಾಠ ಕೇಳಿಸುವುದಿಲ್ಲ, ಯಂತ್ರ ಧರಿಸಿದ ಮಗುವಿಗೆ ಆ ತಿಂಗಳುಗಳು ಬರೀ ಗದ್ದಲ. ಮಳೆಗಾಲದ ತೇವ ಯಂತ್ರಕ್ಕೂ ಶತ್ರು. ರಾತ್ರಿ ಅದನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕು, ಬ್ಯಾಟರಿ ಮುಗಿಯುವ ಮುನ್ನ ಹೊಸದು ತಂದಿರಬೇಕು, ಮಗು ಬೆಳೆದಂತೆ ಕಿವಿಯೊಳಗೆ ಕೂರುವ ಅಚ್ಚನ್ನು ಬದಲಿಸಬೇಕು. ಇದನ್ನೆಲ್ಲ ಹೇಳಿಕೊಡುವವರಿಲ್ಲದೆ ಎಷ್ಟೋ ಯಂತ್ರಗಳು ಮನೆಯ ಕಪಾಟು ಸೇರುತ್ತವೆ.

ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಅನೇಕ ಮಕ್ಕಳ ಬದುಕು ಬದಲಿಸಿದೆ. ಕೇರಳದಲ್ಲಿ ಶ್ರುತಿತರಂಗಂ ಯೋಜನೆ, ಕೇಂದ್ರದ ಎಡಿಐಪಿ ಯೋಜನೆ ಇವುಗಳಿಂದ ಬಡವರ ಮಕ್ಕಳಿಗೂ ಅದು ದೊರಕುತ್ತಿದೆ. ಅದು ಚೆನ್ನಾಗಿ ಫಲಿಸಬೇಕಾದರೆ ಬೇಗ ಆಗಬೇಕು, ಆದ ಮೇಲೆ ವರ್ಷಗಳ ಕಾಲ ಮಾತಿನ ತರಬೇತಿ ನಡೆಯಬೇಕು. ಇಲ್ಲಿಯೇ ಗಡಿನಾಡಿನ ಮನೆಗಳಿಗೆ ತೊಡಕು. ಕೇರಳದ ಯೋಜನೆಯ ಫಲಾನುಭವಿ ಹೋಗಬೇಕಾದದ್ದು ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಂಥ ಕೇಂದ್ರಗಳಿಗೆ, ಅಲ್ಲಿನ ಮಾತು ಮಲಯಾಳ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಇರುತ್ತದೆ. ಶಾಲೆಯಲ್ಲಿ ಕನ್ನಡ. ಕನ್ನಡ, ತುಳು ಬಲ್ಲ ತರಬೇತುದಾರರು ಬೇಕೆಂದರೆ ಬಸ್ಸು ಹತ್ತಿ ಮಂಗಳೂರಿಗೆ ಹೋಗಬೇಕು, ಅಲ್ಲಿ ಕೇರಳದ ಯೋಜನೆ ಕೈ ಹಿಡಿಯುವುದಿಲ್ಲ. ಕೇಳುವ ಮಕ್ಕಳು ಈ ಭಾಷೆಗಳ ನಡುವೆ ಸಲೀಸಾಗಿ ಓಡಾಡುತ್ತಾರೆ, ಅದು ನಮ್ಮೂರಿನ ಭಾಗ್ಯ. ಕೇಳದ ಮಗುವಿನ ತಾಯಿಗೆ ಅದೇ ಒಗಟು: ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡಲಿ?

ಈ ಪ್ರಶ್ನೆಯನ್ನು ಮುಂದೂಡುವಂತಿಲ್ಲ. ಮಗುವಿನ ಮಿದುಳು ಭಾಷೆಗೆ ಅತ್ಯಂತ ತೆರೆದಿರುವುದು ಮೊದಲ ಐದು ವರ್ಷ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತ ಪತ್ತೆ, ಆರು ತಿಂಗಳೊಳಗೆ ನೆರವು ಎಂಬುದು ಜಗತ್ತಿನಾದ್ಯಂತ ಒಪ್ಪಿರುವ ಕ್ರಮ. ಆರು ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎಷ್ಟೋ ಚೆನ್ನಾಗಿ ಬೆಳೆಯುತ್ತದೆ ಎಂದು ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲೇ ತೋರಿಸಿದರು. ನಮ್ಮಲ್ಲಿ 'ಅಪ್ಪನೂ ಮಾತು ಕಲಿತದ್ದು ತಡವಾಗಿಯೇ, ಇವನೂ ಕಲಿಯುತ್ತಾನೆ' ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷ ಕಳೆಯುವ ಮನೆಗಳಿವೆ. ಹಾಗೆ ಕಳೆದ ವರ್ಷಗಳಲ್ಲಿ ಮಗು ಯಾವ ಭಾಷೆಯನ್ನೂ ಪೂರ್ತಿ ಪಡೆಯದಿದ್ದರೆ, ನಷ್ಟ ಮಾತಿನದು ಮಾತ್ರ ಆಗಿರುವುದಿಲ್ಲ. ನಿನ್ನೆ-ನಾಳೆಗಳ ಲೆಕ್ಕ, 'ಏಕೆ' ಎಂಬ ಪ್ರಶ್ನೆ, ಕತೆ ಕೇಳಿ ಕಟ್ಟಿಕೊಳ್ಳುವ ಲೋಕ ಎಲ್ಲಕ್ಕೂ ಭಾಷೆಯೇ ಆಸರೆ.

ಕಿವುಡು ಮಗು ಕಷ್ಟವಿಲ್ಲದೆ, ಪೂರ್ತಿಯಾಗಿ ಪಡೆಯಬಲ್ಲ ಭಾಷೆ ಒಂದಿದೆ. ಅದು ಸಂಜ್ಞಾ ಭಾಷೆ. ಕೈಸನ್ನೆ, ಮೂಕಾಭಿನಯ ಎಂದು ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಅಮೆರಿಕದ ವಿಲಿಯಂ ಸ್ಟೋಕಿ 1960ರಲ್ಲಿ ಅಲ್ಲಿನ ಸಂಜ್ಞಾ ಭಾಷೆಯನ್ನು ಬಿಡಿಸಿ ನೋಡಿ, ಅದಕ್ಕೆ ತನ್ನದೇ ರಚನೆ ಇದೆ ಎಂದು ತೋರಿಸಿದ ಮೇಲೆ ವಿದ್ವತ್ ಲೋಕದಲ್ಲಿ ಆ ವಾದ ಮುಗಿಯುತ್ತ ಬಂತು. ಕೈಯ ಆಕಾರ, ಅದು ಮೈಯ ಯಾವ ಜಾಗದಲ್ಲಿದೆ, ಹೇಗೆ ಚಲಿಸುತ್ತದೆ, ಹುಬ್ಬು ಏರಿತೋ ಇಳಿಯಿತೋ ಎಂಬುದೆಲ್ಲ ಅಲ್ಲಿ ವ್ಯಾಕರಣ. ಭಾರತೀಯ ಸಂಜ್ಞಾ ಭಾಷೆ ಕನ್ನಡದ ಅನುವಾದವೂ ಅಲ್ಲ, ಮಲಯಾಳದ ಅನುವಾದವೂ ಅಲ್ಲ, ಅದು ಸ್ವತಂತ್ರ ಭಾಷೆ. ಹಾಗಾಗಿ ಗಡಿನಾಡಿಗೆ ಅದರಿಂದ ಒಂದು ವಿಶೇಷ ಅನುಕೂಲವಿದೆ: ಪೆರ್ಲದ ಮಗು, ಕಣ್ಣೂರಿನ ಮಗು, ಪುತ್ತೂರಿನ ಮಗು ಮೂವರೂ ಅದರಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬಹುದು.

ಈ ಭಾಷೆಯನ್ನು ಶಾಲೆಗಳಿಂದ ಹೊರಗಿಟ್ಟ ಚರಿತ್ರೆ ದೊಡ್ಡದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡು ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು ನಿರ್ಣಯಿಸಿತು. ನಿರ್ಣಯಿಸಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಮುಂದಿನ ತಲೆಮಾರುಗಳ ಮಕ್ಕಳು ಸಂಜ್ಞೆ ಮಾಡಿದ್ದಕ್ಕೆ ಶಿಕ್ಷೆ ಅನುಭವಿಸಿದರು. ಆ ನಿರ್ಣಯವನ್ನು ಅದೇ ಸಮ್ಮೇಳನ ಪರಂಪರೆ ತಿರಸ್ಕರಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಸಂಜ್ಞೆ ಕಲಿತರೆ ಮಗು ಮಾತು ಕಲಿಯುವುದಿಲ್ಲ ಎಂಬ ಹೆದರಿಕೆ ಇಂದಿಗೂ ನಮ್ಮ ಮನೆಗಳಲ್ಲಿದೆ. ಒಂದು ಭಾಷೆ ಗಟ್ಟಿಯಾಗಿ ಬಂದ ಮಗುವಿಗೆ ಇನ್ನೊಂದು ಭಾಷೆ ಸುಲಭವೇ ಹೊರತು ಕಷ್ಟವಲ್ಲ. ಹಲವು ಭಾಷೆಯ ಊರಿನವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಿವಿ ಕೇಳುವವರೂ ಈ ಭಾಷೆಯನ್ನು ಕಲಿತು ಬದುಕಿದ ಊರು ಕರ್ನಾಟಕದಲ್ಲೇ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲೂಕಿನ ಅಲೀಪುರದಲ್ಲಿ ಹುಟ್ಟಿನಿಂದ ಕಿವಿ ಕೇಳದವರ ಸಂಖ್ಯೆ ಬೇರೆಡೆಗಿಂತ ಹೆಚ್ಚು. ಅಲ್ಲಿನ ಜನರ ನಡುವೆಯೇ ಒಂದು ಸಂಜ್ಞಾ ಭಾಷೆ ಹುಟ್ಟಿ ಬೆಳೆದಿದೆ, ಭಾಷಾಶಾಸ್ತ್ರಜ್ಞ ಸಿಬಾಜಿ ಪಂಡಾ ಅದನ್ನು ಅಧ್ಯಯನ ಮಾಡಿದ್ದಾರೆ. ಅಲ್ಲಿ ನೆರೆಹೊರೆಯ ಕೇಳುವವರಿಗೂ ಸಂಜ್ಞೆ ಬರುತ್ತದೆ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದ ತನಕ ಹೀಗೆಯೇ ಇತ್ತು. ಊರು ಮನಸ್ಸು ಮಾಡಿದರೆ ಕಿವುಡು ಒಂದು ಅಡ್ಡಿಯಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇವು ಕಣ್ಣೆದುರಿನ ನಿದರ್ಶನ. ಸಮನ್ವಯ ಎಂದರೆ ಇದು.

ಹಾಗಾದರೆ ನಮ್ಮಲ್ಲಿ ಸದ್ಯ ಇರುವುದೇನು? ಸಮಗ್ರ ಶಿಕ್ಷಾ ಯೋಜನೆಯಡಿ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ (ಬಿಆರ್‌ಸಿ) ವಿಶೇಷ ಶಿಕ್ಷಕರು ಶಾಲೆಗಳಿಗೆ ಬರುತ್ತಾರೆ. ಅವರ ಶ್ರಮ ಸಣ್ಣದಲ್ಲ. ಆದರೆ ಒಬ್ಬರೇ ಹಲವು ಶಾಲೆಗಳನ್ನು ನೋಡಿಕೊಳ್ಳಬೇಕು, ಬುದ್ಧಿಮಾಂದ್ಯ ಮಕ್ಕಳಿಗೂ ದೃಷ್ಟಿದೋಷದ ಮಕ್ಕಳಿಗೂ ಕಿವಿ ಕೇಳದವರಿಗೂ ಅವರೇ. ಈ ವೃತ್ತಿಯ ತರಬೇತಿ ಒಂದೊಂದು ನ್ಯೂನತೆಗೂ ಬೇರೆಯೇ ಇರುತ್ತದೆ. ಬುದ್ಧಿಮಾಂದ್ಯ ಮಕ್ಕಳ ಶಿಕ್ಷಣದಲ್ಲಿ ಪರಿಣತಿ ಪಡೆದವರಿಗೆ ಸಂಜ್ಞಾ ಭಾಷೆ ಬರಬೇಕೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯ, ಮಗುವಿಗೂ ಅನ್ಯಾಯ. ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂದು ವಿಶೇಷ ಶಿಕ್ಷಕರ ಪ್ರಮಾಣವನ್ನು ನಿಗದಿ ಮಾಡಿತು, 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಸೃಷ್ಟಿಸಿ ಭರ್ತಿ ಮಾಡುವಂತೆ ರಾಜ್ಯಗಳಿಗೆ ಮತ್ತೆ ಸೂಚಿಸಿತು. ಆ ಹುದ್ದೆಗಳಲ್ಲಿ ಸಂಜ್ಞಾ ಭಾಷೆ ಬಲ್ಲವರಿಗೆ, ನಮ್ಮ ಭಾಗದಲ್ಲಿ ಕನ್ನಡವನ್ನೂ ಬಲ್ಲವರಿಗೆ ಪಾಲು ಸಿಗಬೇಕೆಂದು ಕೇಳುವ ಹೊತ್ತು ಇದೇ.

ಪೆರ್ಲ ಇರುವುದು ಎಣ್ಮಕಜೆ ಪಂಚಾಯತಿನಲ್ಲಿ. ಗೇರುತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಈ ಪಂಚಾಯತಿನ ಹೆಸರನ್ನು ಲೋಕಕ್ಕೆ ತಿಳಿಸಿತು. ಇಲ್ಲಿನ ಪಡ್ರೆ ಗ್ರಾಮದ ಮನೆಮನೆಯ ನೋವನ್ನು ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಹೊರಗೆ ತಂದರು. ಆ ಹೋರಾಟದ ಫಲವಾಗಿ ವಿಕಲಚೇತನ ಮಕ್ಕಳ ಆರೈಕೆ ಇಲ್ಲಿ ಸಾರ್ವಜನಿಕ ವಿಷಯವಾಯಿತು, ಪೆರ್ಲದಲ್ಲಿ ಬಡ್ಸ್ ಶಾಲೆಯೂ ಬಂತು. ಬಡ್ಸ್ ಶಾಲೆಗಳು ಬುದ್ಧಿಮಾಂದ್ಯ ಮಕ್ಕಳಿಗಾಗಿ ಇರುವಂಥವು. ಇಲ್ಲಿ ಒಂದು ಎಚ್ಚರ ಬೇಕು. ಮಾತು ಬಾರದ ಮಗುವನ್ನು ಬುದ್ಧಿ ಬೆಳೆಯದ ಮಗುವೆಂದು ತಪ್ಪಾಗಿ ಎಣಿಸುವುದು ಎಲ್ಲ ಕಡೆಯೂ ಇದೆ. ಕಿವಿ ಮಾತ್ರ ಕೇಳದ ಮಗುವಿನ ಬುದ್ಧಿಗೆ ಏನೂ ಆಗಿರುವುದಿಲ್ಲ. ಅದು ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಉಳಿದವರಂತೆಯೇ ಕಲಿಯಬಲ್ಲದು, ಕಲಿಯಬೇಕು. ಶಾಲೆಗೆ ಸೇರಿಸುವ ಮುನ್ನ ಆಡಿಯಾಲಜಿಸ್ಟರ ಪರೀಕ್ಷೆ ಆಗಿದೆಯೇ ಎಂದು ಅಂಗನವಾಡಿಯವರೂ ಆಶಾ ಕಾರ್ಯಕರ್ತೆಯರೂ ಕೇಳಿ ಖಚಿತಪಡಿಸಿಕೊಂಡರೆ ಒಂದು ಬದುಕು ದಾರಿ ತಪ್ಪುವುದು ನಿಲ್ಲುತ್ತದೆ.

ಚೆರ್ಕಳದಲ್ಲಿ ಕಿವುಡು ಮಕ್ಕಳಿಗಾಗಿ ಮಾರ್ತೋಮಾ ಶಾಲೆ ಇದೆ. ಇಂಥ ವಿಶೇಷ ಶಾಲೆಗಳನ್ನು ಸಮನ್ವಯದ ಹೆಸರಿನಲ್ಲಿ ಹಳೆಯ ಪದ್ಧತಿಯೆಂದು ತಳ್ಳಿಹಾಕುವುದು ಸರಿಯಲ್ಲ. ಕಿವುಡು ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಯರಿಗೆ. ಆದ್ದರಿಂದ ಅವರ ಭಾಷೆ ಮನೆಯಿಂದ ಬರುವುದಿಲ್ಲ, ತನ್ನಂಥವರ ಗುಂಪಿನಿಂದ ಬರುತ್ತದೆ. ವಿಶೇಷ ಶಾಲೆ ಕೊಡುವುದು ಆ ಗುಂಪನ್ನು. ಊರಿನ ಶಾಲೆ ಕೊಡುವುದು ಮನೆಯನ್ನು, ನೆರೆಯನ್ನು, ಅಣ್ಣತಮ್ಮಂದಿರ ಜೊತೆ ನಡೆದು ಹೋಗುವ ದಾರಿಯನ್ನು. ಮಗುವಿಗೆ ಎರಡೂ ಬೇಕು, ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾದ ಸ್ಥಿತಿ ಇರಬಾರದು.

ಎರಡನ್ನೂ ಕೊಡುವ ದಾರಿ ಇದೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡಕ್ಕಾದರೂ ತೀವ್ರ ಶ್ರವಣದೋಷ ಇರುತ್ತದೆ. ಅಂದರೆ ಒಂದು ಶಾಲೆಯಲ್ಲಿ ಒಬ್ಬರು ಸಿಗುವುದೇ ಹೆಚ್ಚು, ಒಬ್ಬರಿಗಾಗಿ ಒಬ್ಬ ಶಿಕ್ಷಕರನ್ನು ಯಾರೂ ಕೊಡುವುದಿಲ್ಲ. ಎಣ್ಮಕಜೆ, ಪುತ್ತಿಗೆ, ಬದಿಯಡ್ಕ, ಪೈವಳಿಕೆ, ಕುಂಬ್ಡಾಜೆ, ಬೆಳ್ಳೂರು ಪಂಚಾಯತುಗಳ ಕಿವುಡು ಮಕ್ಕಳನ್ನು ಬಸ್ಸಿನ ಅನುಕೂಲವಿರುವ ಒಂದು ಸಾರ್ವಜನಿಕ ಶಾಲೆಯಲ್ಲಿ ಒಟ್ಟುಗೂಡಿಸಿದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಸಂಜ್ಞಾ ಭಾಷೆ ಬಲ್ಲ ಶಿಕ್ಷಕರು ದಿನವಿಡೀ ಇರಬಹುದು. ಮಕ್ಕಳು ಕೇಳುವವರ ಜೊತೆ ಒಂದೇ ತರಗತಿಯಲ್ಲಿ ಕೂರಬಹುದು, ತಮ್ಮತಮ್ಮೊಳಗೆ ಹರಟಲು ನಾಲ್ಕು ಜನ ಇರುತ್ತಾರೆ. ಸಮಗ್ರ ಶಿಕ್ಷಾದಲ್ಲಿ ಪ್ರಯಾಣ ಭತ್ಯೆ, ಜೊತೆಗೆ ಬರುವವರಿಗೆ ಭತ್ಯೆ ಎಂಬ ವ್ಯವಸ್ಥೆ ಈಗಾಗಲೇ ಇದೆ. ಕಿವುಡರಾಗಿರುವ ಯುವಕ ಯುವತಿಯರೇ ಸಂಜ್ಞಾ ಭಾಷೆ ಕಲಿಸಲು ತರಬೇತಿ ಪಡೆಯುವ ಡಿಪ್ಲೊಮಾ ಇದೆ. ಅಂಥ ಒಬ್ಬರು ಆ ಶಾಲೆಯಲ್ಲಿ ಇದ್ದರೆ, ಬೆಳೆದು ಸಂಬಳ ದುಡಿಯುವ ತನ್ನಂಥವರನ್ನು ಮಗು ದಿನವೂ ನೋಡುತ್ತದೆ.

ಸಾಮಗ್ರಿಗೂ ಬರವಿಲ್ಲ. 2015ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ಕ್ಕೆ 10,000 ಪದ ಮುಟ್ಟಿತು. ಎನ್‌ಸಿಇಆರ್‌ಟಿ ಪಠ್ಯಗಳನ್ನು ಸಂಜ್ಞಾ ಭಾಷೆಗೆ ತರುವ ಒಪ್ಪಂದ 2020ರಲ್ಲಿ ಆಯಿತು. 2024ರ ಡಿಸೆಂಬರಿನಿಂದ ಪಿಎಂ ಇ-ವಿದ್ಯಾದ 31ನೇ ವಾಹಿನಿ ಇಡಿಯಾಗಿ ಸಂಜ್ಞಾ ಭಾಷೆಗೆ ಮೀಸಲು. ಕೇರಳದ ಹೈಸ್ಕೂಲು ತರಗತಿಗಳಲ್ಲಿ ಪ್ರೊಜೆಕ್ಟರ್ ಇದೆ, ಅದರಲ್ಲಿ ಇದನ್ನು ತೋರಿಸಲು ಯಾವ ಆದೇಶವೂ ಬೇಕಿಲ್ಲ. ತಿರುವನಂತಪುರದ ವಾಕ್ ಮತ್ತು ಶ್ರವಣ ಸಂಸ್ಥೆ ನಿಶ್ 2021ರಲ್ಲಿ ಮಲಯಾಳ ಅಕ್ಷರಗಳಿಗೆ ಬೆರಳ ಸಂಜ್ಞೆಯ ವರ್ಣಮಾಲೆ ಸಿದ್ಧಪಡಿಸಿತು. ಕೇರಳದ ಕನ್ನಡ ಮಾಧ್ಯಮದ ಮಗುವಿಗೆ ಕನ್ನಡ ಅಕ್ಷರಗಳೂ ಹಾಗೆ ಬೆರಳಲ್ಲಿ ಸಿಗಬೇಕು. ಪಠ್ಯ ಮಲಯಾಳದಲ್ಲಿ ಮಾತ್ರ ಬಂದಾಗ ಪ್ರಶ್ನಿಸುವ ನಮ್ಮ ಸಂಘಟನೆಗಳು ಈ ಬೇಡಿಕೆಯನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ನಡೆಯುವ ಶಾಲಾಪೂರ್ವ ತರಗತಿಗಳಿವೆ, ತಾಯಂದಿರು ಮಕ್ಕಳ ಪಕ್ಕ ಕೂತು ಕಲಿಸುವ ಬಗೆಯನ್ನು ತಾವೂ ಕಲಿಯುತ್ತಾರೆ. ಗಡಿ ದಾಟಿ ಅಂಥ ನೆರವು ಪಡೆಯಲು ಕಾಸರಗೋಡಿನ ಮನೆಗಳಿಗೆ ಎರಡೂ ಸರಕಾರಗಳು ಸೇರಿ ದಾರಿ ಮಾಡಿಕೊಡಬೇಕು.

ದೊಡ್ಡ ವ್ಯವಸ್ಥೆ ಬರುವ ತನಕ ಶಾಲೆ ಕಾಯಬೇಕಿಲ್ಲ. ಟೀಚರು ಮಕ್ಕಳ ಕಡೆ ಮುಖ ಮಾಡಿ, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ನಿಂತು ಮಾತಾಡಬಹುದು. ಕಿಟಕಿಗೆ ಬೆನ್ನು ಹಾಕಿದರೆ ಮುಖ ಕಪ್ಪಾಗಿ ಕಾಣುತ್ತದೆ. ಪಾಠದ ಮುಖ್ಯ ಪದಗಳನ್ನು ಮೊದಲೇ ಬೋರ್ಡಿನಲ್ಲಿ ಬರೆಯಬಹುದು. ಹಿಂದಿನ ಬೆಂಚಿನ ಹುಡುಗ ಪ್ರಶ್ನೆ ಕೇಳಿದಾಗ ಅವನತ್ತ ಕೈ ತೋರಿಸಿ, ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿ ಉತ್ತರಿಸಬಹುದು. ಬೆಂಚುಗಳನ್ನು ಅರ್ಧವೃತ್ತವಾಗಿ ಇಟ್ಟರೆ ಮಗುವಿಗೆ ಎಲ್ಲರ ಮುಖ ಕಾಣುತ್ತದೆ. ಬೆಳಗಿನ ಅಸೆಂಬ್ಲಿಯಲ್ಲಿ ದಿನಕ್ಕೊಂದು ಸಂಜ್ಞೆ ಇಡೀ ಶಾಲೆ ಕಲಿತರೆ ವರ್ಷದಲ್ಲಿ ಇನ್ನೂರು ಸಂಜ್ಞೆ ಬರುತ್ತವೆ, ಆಟದ ಬಯಲಿನಲ್ಲಿ ಜಗಳವಾಡಲೂ ರಾಜಿಯಾಗಲೂ ಅಷ್ಟು ಸಾಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್ ನಾಲ್ಕರ ಹೊರೆ ಇರುವ ನಮ್ಮ ಮಕ್ಕಳಿಗೆ ಇದನ್ನು ಎಂಟನೆಯ ತರಗತಿಯಲ್ಲೇ ತಿಳಿಸಿ ಅರ್ಜಿ ಹಾಕಿಸಬೇಕು, ಎಸ್ಸೆಸ್ಸೆಲ್ಸಿಯ ಬಾಗಿಲಿನಲ್ಲಿ ಅಲ್ಲ.

ಕೇರಳದಲ್ಲಿ ಪಂಚಾಯತುಗಳು ವಿಕಲಚೇತನರಿಗಾಗಿ ವಿಶೇಷ ಗ್ರಾಮಸಭೆ ನಡೆಸುತ್ತವೆ, ಯೋಜನಾ ನಿಧಿಯಲ್ಲಿ ಅವರಿಗೆಂದು ಪಾಲು ಇಡುತ್ತವೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಬೇಕು. ನಮ್ಮ ಪಂಚಾಯತಿನಲ್ಲಿ ಕಿವಿ ಕೇಳದ ಮಕ್ಕಳು ಎಷ್ಟು, ಅವರು ಎಲ್ಲಿ ಓದುತ್ತಿದ್ದಾರೆ? ಅವರಲ್ಲಿ ಎಷ್ಟು ಮಂದಿಗೆ ಸಂಜ್ಞಾ ಭಾಷೆ ಕಲಿಸುವವರಿದ್ದಾರೆ? ತಂದೆತಾಯಿಯರಿಗೆ ಶನಿವಾರ ಒಂದು ಸಂಜ್ಞಾ ಭಾಷೆಯ ತರಗತಿ ಶುರುಮಾಡಲು ಎಷ್ಟು ಹಣ ಬೇಕು? ಮೂರನೆಯ ಪ್ರಶ್ನೆಯ ಉತ್ತರ ದೊಡ್ಡ ಮೊತ್ತವಾಗುವುದಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಬೇಕೆನ್ನುವ ಸಂವಿಧಾನದ 350ಎ ವಿಧಿ ಸೇರಿದ್ದು 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ. ಕಾಸರಗೋಡಿನ ಕನ್ನಡ ಶಾಲೆಗಳು ಉಳಿದಿರುವುದು ಆ ವಿಧಿ ಇದ್ದುದರಿಂದ ಮಾತ್ರ ಅಲ್ಲ, ಅದನ್ನು ಹಿಡಿದು ನಾವು ತಲೆಮಾರುಗಳಿಂದ ಕೇಳುತ್ತಲೇ ಬಂದುದರಿಂದ. ಕಿವಿ ಕೇಳದ ಮಕ್ಕಳ ಪಾಲಿಗೂ ಈಗ ಕಾಯ್ದೆ ಇದೆ. ಕೇಳುವವರು ಬೇಕು, ಮತ್ತು ಕೇಳುವ ಅಭ್ಯಾಸ ನಮಗಿಂತ ಹೆಚ್ಚಾಗಿ ಯಾರಿಗಿದೆ? ಕನ್ನಡದ ಹಕ್ಕಿಗಾಗಿ ಮುಂದಿನ ಮನವಿ ಬರೆಯುವಾಗ ಸಂಜ್ಞಾ ಭಾಷೆಯ ಶಿಕ್ಷಕರ ಬೇಡಿಕೆಯನ್ನೂ ಅದರಲ್ಲೇ ಬರೆಯೋಣ.